ಹಿಂದಿನ ಡೋರಿಗೆ ಮೂರೇ ಪದ

ಕಳೆದ ವರ್ಷ ಜುಲೈ. ಸುಂಟಿಕೊಪ್ಪದ ಹತ್ತಿರ ರಸ್ತೆ ಬದಿ ಪಿಕಪ್ ನಿಲ್ಲಿಸಿ ಟೀ ಕುಡಿಯುತ್ತಿದ್ದೆ. ಕೊಡೆ ಹಿಡಿದ ಹಿರಿಯರೊಬ್ಬರು ಬಂದು ಗಾಡಿಯನ್ನು ಒಂದು ಸುತ್ತು ನೋಡಿದರು. ಆಮೇಲೆ ಕೇಳಿದರು, "ಏನಪ್ಪಾ, ಮತ್ತಿ ಉಂಟಾ? ಬಂಗುಡೆ ಮಾತ್ರಾನಾ?"

ನಾನು ಮೀನು ಮಾರುವವನಲ್ಲ. ಸೋರುವ ಮನೆ ಸರಿ ಮಾಡುವ ಸಣ್ಣ ಕಾಂಟ್ರಾಕ್ಟರ್. ಹೆಂಚು ಬದಲಿಸುವುದು, ತಾರಸಿ ಮೇಲೆ ಶೀಟ್ ಹೊದಿಸುವುದು, ಮಾಡಿನ ಅಂಚಿಗೆ ಮಳೆನೀರು ಹರಿಯುವ ದಂಬೆ ಕೂರಿಸುವುದು, ಬಿರುಕಿಗೆ ಕೋಟಿಂಗ್ ಹೊಡೆಯುವುದು ನನ್ನ ಕೆಲಸ. ಕೊಡಗಿನಲ್ಲಿ ಈ ಕೆಲಸಕ್ಕೆ ಗಿರಾಕಿ ಹುಡುಕಬೇಕಾಗಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮಳೆ ಬೇಕಾದಷ್ಟಿದೆ, ಸೋರುವ ಮನೆಯೂ ಬೇಕಾದಷ್ಟಿದೆ, ನಿಜ. ಆದರೆ ಸೋರುವ ಮನೆಯವರಿಗೆ ನಾನು ಇದ್ದೇನೆ ಅಂತ ಗೊತ್ತಾಗಬೇಕಲ್ವಾ?

ಮೀನು ಕೇಳಿದ ಹಿರಿಯರದ್ದು ತಪ್ಪಲ್ಲ. ಗಾಡಿಯ ಎರಡೂ ಬದಿಯಲ್ಲಿ ನೀಲಿ ಅಲೆ, ಅದರ ಮೇಲೊಂದು ದೊಡ್ಡ ನೀರಿನ ಹನಿ. ಡಿಸೈನ್ ಮಾಡಿದ ಹುಡುಗನಿಗೆ 'ವಾಟರ್‌ಪ್ರೂಫಿಂಗ್' ಅಂದಿದ್ದೆ. ಅವನು 'ವಾಟರ್' ಅಷ್ಟನ್ನೇ ಕೇಳಿಸಿಕೊಂಡಿದ್ದ. ಅಕ್ಷರಗಳ ಮೇಲೆ ಕೆಂಪು ಕೆಸರು ಹಾರಿ ಮುಚ್ಚಿಹೋಗಿತ್ತು. ಉಳಿದದ್ದು ಅಲೆ ಮಾತ್ರ. ಅಲೆ ಇರುವ ಬಿಳಿ ಪಿಕಪ್ ನಮ್ಮ ಕಡೆ ಏನು ತರುತ್ತದೆ? ಮೀನು ತಾನೆ.

ಅವತ್ತು ಮನೆಗೆ ಬಂದವನೇ ಎಲ್ಲ ಕಿತ್ತು ಹೊಸದಾಗಿ ಮಾಡೋಣ ಅಂತ ತೀರ್ಮಾನ ಮಾಡಿದೆ. ಮುಗಿಯುವಷ್ಟರಲ್ಲಿ ಏಳು ತಿಂಗಳು ಹಿಡಿಯಿತು. ಅದರ ಕತೆ ಇದು.

ಮೊದಲು ತಪ್ಪುಗಳ ಲೆಕ್ಕ

ಗಾಡಿ ತೊಳೆದು ಅಂಗಳದಲ್ಲಿ ನಿಲ್ಲಿಸಿ, ಯಾರದೋ ಗಾಡಿ ಅನ್ನುವ ಹಾಗೆ ನೋಡಿದೆ. ಬಾಗಿಲ ಮೇಲೆ ಬರೆದದ್ದು: '...ಕನ್‌ಸ್ಟ್ರಕ್ಷನ್ಸ್ ಅಂಡ್ ವಾಟರ್‌ಪ್ರೂಫಿಂಗ್ ಸೊಲ್ಯೂಷನ್ಸ್'. ಚುಕ್ಕಿ ಇಟ್ಟ ಕಡೆ ಇದ್ದದ್ದು ನನ್ನ ಹೆಸರು. ನಂಬರ್ ಎಲ್ಲಕ್ಕಿಂತ ಕೆಳಗೆ, ಚಕ್ರದ ಮಟ್ಟಕ್ಕೆ. ಮಳೆಗಾಲದಲ್ಲಿ ಪಿಕಪ್ಪಿನ ಕೆಳಗಿನ ಮೂರನೇ ಒಂದು ಭಾಗ ಕೆಸರಿನದ್ದು. ಅಲ್ಲಿ ಬರೆದದ್ದನ್ನು ಸೆಪ್ಟೆಂಬರ್ ಕಳೆದ ಮೇಲೆ ಓದಬೇಕು.

ಎಡ ಬಾಗಿಲಲ್ಲಿ ಇನ್ನೊಂದು ನಂಬರ್ ಇತ್ತು. ಅದರ ಒಂದು 8 ಸರಿಯಾಗಿ ಹಿಡಿಕೆಯ ತಗ್ಗಿನ ಮೇಲೆ ಕೂತಿತ್ತು. ತಗ್ಗಿನೊಳಗೆ ಎಳೆದು ಅಂಟಿಸಿದ ಸ್ಟಿಕ್ಕರ್ ಬಿಸಿಲು ಬಿದ್ದಾಗ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. 8ರ ಎಡಭಾಗ ಉದುರಿ 3 ಆಗಿತ್ತು. ಕುತೂಹಲಕ್ಕೆ 3 ಹಾಕಿ ಫೋನ್ ಮಾಡಿದೆ. ಯಾವುದೋ ಊರಿನ ಹೆಂಗಸೊಬ್ಬರು ಎತ್ತಿದರು. ನಾನು ವಿಷಯ ಶುರು ಮಾಡುವ ಮೊದಲೇ, "ನಿಮ್ಮನೇನೂ ಸೋರ್ತಿದೆಯೇನ್ರೀ?" ಅಂದರು. ಕ್ಷಮೆ ಕೇಳಿ ಇಟ್ಟೆ.

ಗಾಡಿ ಬಿಟ್ಟರೆ ಇನ್ನೊಂದು ಫ್ಲೆಕ್ಸ್ ಇತ್ತು. 6 ಅಡಿಗೆ 3 ಅಡಿ, ಮರದ ರೀಪಿಗೆ ಹೊಡೆದು ತಿರುವಿನಲ್ಲಿ ಕಟ್ಟಿದ್ದೆ. ಎರಡೇ ತಿಂಗಳಲ್ಲಿ ಕಪ್ಪು ಚುಕ್ಕೆ ಹಿಡಿಯಿತು, ಗಾಳಿಗೆ ಮೂಲೆಯ ಬಳೆಗಳು ಕಿತ್ತವು. ಆಮೇಲೆ ಪಂಚಾಯಿತಿಯವರು ಬಂದು ತೆಗೆಯಿರಿ ಅಂದರು. ಅವರು ಹೇಳಿದ್ದು ಸರಿ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್ ನಿಷೇಧ. ಎಲ್ಲರೂ ಕಟ್ಟುತ್ತಾರೆ ಅಂತ ನಾನೂ ಕಟ್ಟಿದ್ದೆ, ಅಷ್ಟೇ.

ಯಾರು, ಎಲ್ಲಿಂದ, ಎಷ್ಟು ಹೊತ್ತು ನೋಡುತ್ತಾರೆ

ಇದನ್ನು ಯೋಚಿಸದೆ ಅಕ್ಷರದ ಅಳತೆ ಹಾಕಲು ಹೋಗಬಾರದು. ನಾನು ಮೊದಲ ಸಲ ಹಾಗೇ ಹೋಗಿ ಕೆಟ್ಟದ್ದು.

ಎದುರಿನಿಂದ ಬರುವ ಗಾಡಿ 40 ಕಿ.ಮೀ. ವೇಗದಲ್ಲಿದೆ, ನಾನೂ 40ರಲ್ಲಿದ್ದೇನೆ ಅಂದುಕೊಳ್ಳಿ. ಇಬ್ಬರೂ ಸೇರಿ ಸೆಕೆಂಡಿಗೆ ಸುಮಾರು 73 ಅಡಿ ದಾಟುತ್ತೇವೆ. ಬಾಗಿಲ ಮೇಲಿನದ್ದನ್ನು ಅವರು ಓದುವ ಮಾತೇ ಇಲ್ಲ. ಆದರೆ ಹಿಂದೆ ಬರುವವರ ಕತೆ ಬೇರೆ. ಕುಶಾಲನಗರದಿಂದ ಮಡಿಕೇರಿಗೆ ಲೋಡ್ ಹಾಕಿಕೊಂಡು ಹತ್ತುವಾಗ ನನ್ನ ಹಿಂದೆ ಯಾವಾಗಲೂ ಒಂದೆರಡು ಕಾರು ಇದ್ದೇ ಇರುತ್ತವೆ. ತಿರುವಿನ ಮೇಲೆ ತಿರುವು. ಅವರಿಗೆ ಮುಂದೆ ಹೋಗಲು ಜಾಗವಿಲ್ಲ, ನೋಡಲು ನನ್ನ ಹಿಂದಿನ ಡೋರ್ ಬಿಟ್ಟು ಬೇರೇನೂ ಇಲ್ಲ. ಬೈದುಕೊಂಡಾದರೂ ಓದುತ್ತಾರೆ.

ಹಾಗಾಗಿ ಹಿಂದಿನ ಡೋರೇ ನನ್ನ ದೊಡ್ಡ ಬೋರ್ಡ್. ಬಾಗಿಲುಗಳು ಗಾಡಿ ನಿಂತಾಗ ಓದುವವರಿಗೆ. ಕೆಲಸದ ಮನೆ ಮುಂದೆ, ಸಿಮೆಂಟ್ ಅಂಗಡಿ ಮುಂದೆ, ಸಂತೆ ದಿನ ಪೇಟೆಯಲ್ಲಿ ನಿಂತಾಗ. ಹಳೆಯ ಡಿಸೈನಿನಲ್ಲಿ ಹಿಂದಿನ ಡೋರ್ ಮೇಲೆ ಏನಿತ್ತು ಗೊತ್ತಾ? ಒಂದು ಹದ್ದಿನ ಚಿತ್ರ. ಯಾಕೆ ಅಂತ ನನಗೂ ನೆನಪಿಲ್ಲ.

ಬೋರ್ಡ್ ಕೆಲಸದವರ ಒಂದು ಅಂದಾಜು ಲೆಕ್ಕ ಇದೆ: ಪ್ರತಿ 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಇದ್ದರೆ ಸಲೀಸಾಗಿ ಓದಬಹುದು. ಹಿಂದಿನ ಕಾರು 50 ಅಡಿ ದೂರದಲ್ಲಿದ್ದರೆ 5 ಇಂಚು ಬೇಕು. ಆದರೆ ಈ ಲೆಕ್ಕ ಹುಟ್ಟಿದ್ದು ಇಂಗ್ಲಿಷ್ ಅಕ್ಷರಕ್ಕೆ. ಅಲ್ಲಿ 5 ಇಂಚು ಅಂದರೆ ಪೂರ್ತಿ 5 ಇಂಚು ಅಕ್ಷರ. ನಮ್ಮಲ್ಲಿ ಒತ್ತು ಬಂತು ಅಂದರೆ ಅದೇ 5 ಇಂಚಿನೊಳಗೆ ಎರಡು ಮೂರು ಮಹಡಿ ಕಟ್ಟಬೇಕು.

'ಕನ್‌ಸ್ಟ್ರಕ್ಷನ್ಸ್' ಅನ್ನೇ ತೆಗೆದುಕೊಳ್ಳಿ. 'ಸ್ಟ್ರ' ನೋಡಿ. ಸಕಾರ, ಅದರ ಕೆಳಗೆ ಟ ಒತ್ತು, ಅದರ ಪಕ್ಕ ರ ಒತ್ತು. ಮುಂದಕ್ಕೆ 'ಕ್ಷ'. ಕೊನೆಗೆ 'ನ್ಸ್'. 5 ಇಂಚು ಜಾಗ ಕೊಟ್ಟರೆ ಮುಖ್ಯ ಅಕ್ಷರಕ್ಕೆ ಸಿಗುವುದು 3 ಇಂಚು ಚಿಲ್ಲರೆ. ಕಾಗದದಲ್ಲಿ ಪ್ರಿಂಟ್ ತೆಗೆದು ಡೋರಿಗೆ ಟೇಪ್ ಹಚ್ಚಿ, ಅಕ್ಕನ ಮಗನನ್ನು 60 ಅಡಿ ದೂರ ನಿಲ್ಲಿಸಿದೆ. ಒಂಬತ್ತನೇ ಕ್ಲಾಸು, ಕಣ್ಣು ಚೂಪು. "ಮಾವ, ಕ ಅಂತ ಏನೋ ಇದೆ, ಆಮೇಲೆ ಜೇಡರ ಹುಳ" ಅಂದ.

ಅವತ್ತು ರಾತ್ರಿ ಒಂದು ಹಾಳೆ ತೆಗೆದುಕೊಂಡು ಒತ್ತೇ ಇಲ್ಲದ ಪದ ಹುಡುಕುತ್ತಾ ಕೂತೆ. ತಮಾಷೆ ಆಟದ ಹಾಗಿತ್ತು. 'ಕಟ್ಟಡ' ಒತ್ತು ಇದೆ, ಹೋಯಿತು. 'ದುರಸ್ತಿ' ಅದೂ ಹೋಯಿತು. 'ಕಾಂಟ್ರಾಕ್ಟರ್' ಬೇಡವೇ ಬೇಡ. 'ಮನೆ'? ಸರಿ. 'ಸೋರಿಕೆ'? ಸರಿ. 'ರಿಪೇರಿ'? ಸರಿ.

ಮನೆ ಸೋರಿಕೆ ರಿಪೇರಿ.

ಒಂದೇ ಒಂದು ಒತ್ತಿಲ್ಲ. ಮತ್ತೆ ಹುಡುಗನನ್ನು ನಿಲ್ಲಿಸಿದೆ. 60 ಅಡಿಯಲ್ಲಿ ಓದಿದ, 100 ಅಡಿಯಲ್ಲಿ ಓದಿದ, ಗೇಟಿನ ಆಚೆ ಹೋಗಿ ಅಲ್ಲಿಂದಲೂ ಕೂಗಿ ಹೇಳಿದ. ಪಕ್ಕದ ಮನೆಯವರು ಹೊರಗೆ ಬಂದು ಏನಾಯಿತು ಅಂತ ಕೇಳಿದರು.

ನನ್ನ ಹೆಸರು ಎಲ್ಲಿ ಅಂತ ಹೆಂಡತಿ ಕೇಳಿದಳು. ಹೆಸರು ಬೇಡ ಅಂದೆ. ಮಲಗುವ ಕೋಣೆಗೆ ಬಕೆಟ್ ಇಟ್ಟುಕೊಂಡು ಕೂತವರಿಗೆ ನನ್ನ ಹೆಸರು ಏನು ಮಾಡಲಿಕ್ಕೆ? ಅವರು ಹುಡುಕುವುದು ಅವರ ತೊಂದರೆಯ ಹೆಸರನ್ನು. ನನ್ನ ಹೆಸರು ಬಿಲ್ಲಿನ ಮೇಲೆ ಇದ್ದರೆ ಸಾಕು. ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ ಮನೆಯೊಳಗೆ ಕೊಡವ ತಕ್ಕ್ ಆಡುವವರು, ಅರೆಭಾಷೆ ಆಡುವವರು, ಮಲಯಾಳ, ತುಳು, ತಮಿಳು ಆಡುವವರು ಎಲ್ಲ ಇದ್ದಾರೆ. ಬಹಳಷ್ಟು ಜನರಿಗೆ ಓದಲಿಕ್ಕೆ ಬರುವುದು ಕನ್ನಡ ಅಕ್ಷರ. ಸೋರಿಕೆ, ರಿಪೇರಿ ಎರಡೂ ಎಲ್ಲರಿಗೂ ಗೊತ್ತಿರುವ ಪದ. ನಂಬರ್ ಮಾತ್ರ ಇಂಗ್ಲಿಷ್ ಅಂಕಿಯಲ್ಲೇ ಇಟ್ಟೆ, ಫೋನಿನಲ್ಲಿ ಇರುವುದು ಅದೇ ತಾನೆ.

ರೇಡಿಯಂ ಅಂಗಡಿಯಲ್ಲಿ

ನಮ್ಮಲ್ಲಿ ಸ್ಟಿಕ್ಕರ್ ಕತ್ತರಿಸುವ ಅಂಗಡಿಗೆ ರೇಡಿಯಂ ಅಂಗಡಿ ಅಂತಲೇ ಹೆಸರು. ಅದರಲ್ಲಿ ರೇಡಿಯಂ ಒಂದು ಚೂರೂ ಇರುವುದಿಲ್ಲ. ಇರುವುದು ವಿನೈಲ್.

ಫೋನಿನಲ್ಲಿ ಟೈಪ್ ಮಾಡಿ ಕಳಿಸಿದರೆ ಆಯಿತು ಅಂದುಕೊಂಡಿದ್ದೆ. ಆಗಲಿಲ್ಲ. ಫೋನಿನ ಕನ್ನಡ ಯೂನಿಕೋಡ್, ಅಂದರೆ ಎಲ್ಲ ಫೋನ್, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ. ಡಿಸೈನ್ ಮಾಡುವ ಹಳೆಯ ಕೋರಲ್ ಡ್ರಾ ಎಷ್ಟೋ ಕಡೆ ಅದನ್ನು ಸರಿಯಾಗಿ ಜೋಡಿಸುವುದಿಲ್ಲ. ಅಲ್ಲಿ ಹುಡುಗರು ನುಡಿ, ಶ್ರೀಲಿಪಿ ಅನ್ನುವ ಕನ್ನಡ ಸಾಫ್ಟ್‌ವೇರ್‌ಗಳ ಹಳೆ ಫಾಂಟ್‌ನಲ್ಲಿ ಮತ್ತೆ ಟೈಪ್ ಮಾಡುತ್ತಾರೆ. ತಪ್ಪು ನುಸುಳುವುದು ಅಲ್ಲೇ. ಊರ ತುಂಬ ಬೋರ್ಡುಗಳಲ್ಲಿ 'ವರ್ಕ್ಸ್' ಪದದ ಅರ್ಕಾವತ್ತು ಎಲ್ಲೋ ಹೋಗಿ ಕೂತಿರುವುದು ನೋಡಿದ್ದೀರಲ್ವಾ, ಕಾರಣ ಇದೇ. ಎರಡು ಮುನ್ನೆಚ್ಚರಿಕೆ ಸಾಕು. ಟೈಪ್ ಮಾಡಿದ್ದನ್ನು ಪಿಡಿಎಫ್ ಮಾಡಿಸಿ, ನೀವೇ ಒಂದೊಂದು ಅಕ್ಷರ ಬೆರಳಿಟ್ಟು ಓದಿ. ಆಮೇಲೆ ಅಕ್ಷರವನ್ನು 'ಕರ್ವ್' ಮಾಡಿಸಿ, ಅಂದರೆ ಅದು ಟೈಪ್ ಹೋಗಿ ಚಿತ್ರ ಆಗುತ್ತದೆ, ಬೇರೆ ಕಂಪ್ಯೂಟರಿಗೆ ಹಾಕಿದರೂ ಕದಲುವುದಿಲ್ಲ.

ಬಾಗಿಲಿಗೆ ನಾನು ಕೊಟ್ಟದ್ದು ಎರಡು ಸಾಲು. 'ಹೆಂಚು, ಶೀಟ್, ದಂಬೆ, ತಾರಸಿ' ಅಂತ ಒಂದು. ಕೆಳಗೆ ನಂಬರ್, ಕುಶಾಲನಗರ. ಕಪ್ಪು ಅಕ್ಷರ, ಬಿಳಿ ಗಾಡಿ. ನೆರಳಿಲ್ಲ, ಅಂಚಿಗೆ ಬೇರೆ ಬಣ್ಣ ಇಲ್ಲ, ಹನಿ ಇಲ್ಲ. ಅಂಗಡಿ ಹುಡುಗನಿಗೆ ಬೇಜಾರಾಯಿತು. "ಸರ್, ತುಂಬ ಖಾಲಿ ಕಾಣ್ತದೆ. ಒಂದು ಹೆಲ್ಮೆಟ್ ಹಾಕಿದ ಮನುಷ್ಯನ ಫೋಟೋ ಆದ್ರೂ ಹಾಕೋಣ" ಅಂದ. ಅವನ ಕಂಪ್ಯೂಟರಿನಲ್ಲಿ ಆ ಮನುಷ್ಯ ರೆಡಿ ಇದ್ದ. ಹಳದಿ ಹೆಲ್ಮೆಟ್, ಬಿಳಿ ಹಲ್ಲು, ನಮ್ಮ ಕಡೆಯವನಂತೂ ಅಲ್ಲ. ಬೇಡ ಅಂದೆ.

ವಿನೈಲ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಕ್ಯಾಲೆಂಡರ್ಡ್: ರೋಲರ್ ನಡುವೆ ಒತ್ತಿ ಎಳೆದು ಮಾಡಿದ್ದು, ಅಗ್ಗ, ತುಸು ದಪ್ಪ. ಎಳೆದು ಮಾಡಿದ್ದರಿಂದ ಅದಕ್ಕೆ ಮತ್ತೆ ಕುಗ್ಗುವ ಆಸೆ ಜಾಸ್ತಿ. ಇನ್ನೊಂದು ಕಾಸ್ಟ್: ದೋಸೆ ಹಿಟ್ಟಿನ ಹಾಗೆ ತೆಳ್ಳಗೆ ಹರಡಿ ಒಣಗಿಸಿದ್ದು, ಸುಮಾರು 50 ಮೈಕ್ರಾನ್. ಕುಗ್ಗುವುದು ಕಡಿಮೆ, ಬಾಗಿದ ಜಾಗಕ್ಕೆ ಚೆನ್ನಾಗಿ ಕೂರುತ್ತದೆ, ದುಡ್ಡು ಹಲವು ಪಟ್ಟು. ಸಮತಟ್ಟು ಗೋಡೆ ಬೋರ್ಡಿಗೆ ಕಾಸ್ಟ್ ಹಾಕುವುದು ಸುಮ್ನೆ ಖರ್ಚು. ಗಾಡಿಯ ಬಾಗಿಲಿಗೆ ಮಾತ್ರ ಅದನ್ನೇ ಹಾಕಿಸಿದೆ. ಹಳೆಯದು ಮೂಲೆ ಮೂಲೆಯಲ್ಲಿ ಕುಗ್ಗಿ, ಸುತ್ತಲೂ ಅಂಟಿನ ಕಪ್ಪು ಗೆರೆ ಬಿಟ್ಟದ್ದನ್ನು ನೋಡಿದ್ದೆನಲ್ಲ.

ಪ್ಲಾಟರ್, ಅಂದರೆ ಸ್ಟಿಕ್ಕರ್ ಕತ್ತರಿಸುವ ಯಂತ್ರ, ಕತ್ತರಿಸಿದ ಮೇಲೆ ಅಕ್ಷರ ಬಿಟ್ಟು ಉಳಿದದ್ದನ್ನು ಚಿಮಟದಲ್ಲಿ ಕೀಳಬೇಕು. ಇಲ್ಲಿ ಕನ್ನಡಕ್ಕೆ ಒಂದು ವಿಶೇಷ ಕಷ್ಟ. ಸೊನ್ನೆ. 'ಹೆಂಚು', 'ದಂಬೆ' ಎರಡರಲ್ಲೂ ಸೊನ್ನೆ ಇದೆ. ಅದರ ಒಳಗಿನ ಬಟ್ಟು ಕೀಳಲು ಮರೆತರೆ ಸೊನ್ನೆ ಹೋಗಿ ಕಪ್ಪು ಬೊಟ್ಟು ಆಗುತ್ತದೆ. ಹುಡುಗ ನಾಲ್ಕರಲ್ಲಿ ಒಂದು ಮರೆತಿದ್ದ, ಮನೆಗೆ ಬಂದ ಮೇಲೆ ಪಿನ್ನಿನಲ್ಲಿ ಎಬ್ಬಿಸಿ ತೆಗೆದೆ. ಮಹಾಪ್ರಾಣದ ಕೆಳಗಿನ ಸಣ್ಣ ಗೆರೆಯೂ ಹಾಗೇ, ಕೀಳುವಾಗ ಜೊತೆಗೇ ಎದ್ದು ಬಂದರೆ ಫ ಹೋಗಿ ಪ ಆಗುತ್ತದೆ.

ಹಳೆಯದನ್ನು ಕೀಳುವುದು

ನವೆಂಬರ್ ಕೊನೆ. ಕಾಫಿ ಕೊಯ್ಲು ಶುರುವಾಗಿತ್ತು. ಆ ಹೊತ್ತಿಗೆ ಕೆಲಸದವರು ತೋಟಕ್ಕೆ ಹೋಗುತ್ತಾರೆ, ನಮಗೆ ಆಳು ಸಿಗುವುದಿಲ್ಲ. ಕೈ ಖಾಲಿ, ಗಾಡಿಯೂ ಖಾಲಿ.

ಹೆಂಡತಿಯ ಹೇರ್ ಡ್ರೈಯರ್ ತೆಗೆದುಕೊಂಡೆ. ಒಂದು ಮೂಲೆ ಬಿಸಿ ಮಾಡಿ, ಉಗುರಿನಲ್ಲಿ ಎಬ್ಬಿಸಿ, ಮೈಗೆ ಒತ್ತಿಕೊಂಡ ಹಾಗೆ ಹಿಂದಕ್ಕೆ ಮಡಚಿ ನಿಧಾನ ಎಳೆಯಬೇಕು. ನೇರ ಹೊರಕ್ಕೆ ಎಳೆದರೆ ಚೂರು ಚೂರಾಗಿ ಬರುತ್ತದೆ. ಗಡಿಬಿಡಿ ಮಾಡಿದರೆ ಪೇಂಟ್ ಕೂಡ ಬರುತ್ತದೆ, ಮುಖ್ಯವಾಗಿ ಟಿಂಕರಿಂಗ್ ಆಗಿ ಮತ್ತೆ ಪೇಂಟ್ ಹೊಡೆದ ಜಾಗದಲ್ಲಿ. ನನ್ನ ಬಲ ಬಾಗಿಲಲ್ಲಿ ಐದು ರೂಪಾಯಿ ನಾಣ್ಯದಷ್ಟು ಹೋಯಿತು. ಉಳಿದ ಅಂಟನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಸೋಪು ನೀರಿನಲ್ಲಿ ಎರಡು ಸಲ ತೊಳೆದೆ. ಸೀಮೆಎಣ್ಣೆ ಜಿಡ್ಡು ಉಳಿದರೆ ಹೊಸದು ಅಂಟುವುದಿಲ್ಲ.

ಎಲ್ಲ ಕಿತ್ತ ಮೇಲೆ ನೋಡಿದರೆ ಅಕ್ಷರ ಹಾಗೇ ಇದೆ! ಸುತ್ತಲಿನ ಪೇಂಟ್ ಬಿಸಿಲಿಗೆ ಮಾಸಿದೆ, ಸ್ಟಿಕ್ಕರ್ ಕೆಳಗಿನದ್ದು ಹೊಸದರ ಹಾಗಿದೆ. ಕೀಳಿಸಿಕೊಂಡ ಹದ್ದು ಹಿಂದಿನ ಡೋರಿನಲ್ಲಿ ದೆವ್ವದ ಹಾಗೆ ಕೂತಿತ್ತು. ರಬ್ಬಿಂಗ್ ಕಾಂಪೌಂಡ್ ಹಾಕಿ ಅರ್ಧ ದಿನ ಉಜ್ಜಿದ ಮೇಲೆ ಸುಮಾರಾಯಿತು. ಬಾಗಿಲಲ್ಲಿ ಇವತ್ತಿಗೂ ಓರೆ ಬಿಸಿಲಿನಲ್ಲಿ 'ಸೊಲ್ಯೂ' ಅಂತ ಕಾಣುತ್ತದೆ.

ಅಂಟಿಸಿದ ದಿನ

ಪುತ್ತರಿ ಹಬ್ಬ ಮುಗಿದ ವಾರ. ಬೆಳಗ್ಗೆ ಏಳಕ್ಕೇ ಶುರು ಮಾಡಿದೆ, ತಪ್ಪಾಯಿತು. ಮಂಜು, ಚಳಿ, ಬಾಗಿಲ ತಗಡು ಐಸಿನ ಹಾಗೆ. ಚಳಿಯಲ್ಲಿ ವಿನೈಲ್ ಸೆಟೆದುಕೊಳ್ಳುತ್ತದೆ, ಅಂಟು ಹಿಡಿಯುವುದಿಲ್ಲ. ಮೊದಲ 'ಹೆ' ಎದ್ದು, ಅಕ್ಷರಗಳನ್ನು ಹಿಡಿದಿಡಲು ಮೇಲೆ ಹಚ್ಚಿರುವ ಟೇಪಿನ ಜೊತೆಗೇ ವಾಪಸ್ ಬಂತು. ಅದನ್ನು ಹಾಗೇ ಬಿಟ್ಟು ಕಾಫಿ ಕುಡಿದು ಹನ್ನೊಂದಕ್ಕೆ ಮತ್ತೆ ಬಂದೆ. ಬಿಸಿಲು ಬಿದ್ದು ತಗಡು ಕೈಗೆ ಬೆಚ್ಚಗಾಗಿತ್ತು. ತೀರಾ ಸುಡುವ ಬಿಸಿಲೂ ಬೇಡ, ಇಟ್ಟ ಕೂಡಲೇ ಕಚ್ಚಿಕೊಂಡು ಸರಿ ಮಾಡಲು ಬಿಡುವುದಿಲ್ಲ.

ಶಾಂಪೂ ಹಾಕಿ ತೊಳೆದು, ಒರೆಸಿ, ಬಾಗಿಲ ಸಂದಿನಲ್ಲಿ ನಿಂತ ನೀರನ್ನು ಡ್ರೈಯರಿನಲ್ಲಿ ಒಣಗಿಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ಪಾಲಿಶ್, ಮೇಣ ಏನೂ ಹಾಕಿರಬಾರದು.

ಸ್ಟಿಕ್ಕರನ್ನು ಪೂರ್ತಿ ಬಿಡಿಸಿ ಅಂಟಿಸಲು ಹೋಗಬೇಡಿ. ಹಾಳೆಯನ್ನು ಬಾಗಿಲ ಮೇಲಿಟ್ಟು, ಅಳತೆ ನೋಡಿ, ನಡುವಿಗೆ ಮಾಸ್ಕಿಂಗ್ ಟೇಪ್ ಪಟ್ಟಿ ಹಾಕಿ ಬಿಗಿ ಮಾಡಿ. ಈಗ ಒಂದು ಅರ್ಧವನ್ನು ಪುಸ್ತಕದ ಹಾಳೆಯ ಹಾಗೆ ಮಗುಚಿ, ಹಿಂದಿನ ಕಾಗದವನ್ನು ನಡುವಿನವರೆಗೆ ಸುಲಿದು ಕತ್ತರಿಸಿ. ನಡುವಿನಿಂದ ಹೊರಕ್ಕೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಒತ್ತುತ್ತಾ ಹೋಗಿ, ಒಂದು ಎಳೆತದ ಅಂಚಿನ ಮೇಲೆ ಇನ್ನೊಂದು ಬೀಳುವ ಹಾಗೆ. ಪಟ್ಟಿಗೆ ಬಟ್ಟೆ ಸುತ್ತಿದ್ದರೆ ಗೀರು ಬೀಳುವುದಿಲ್ಲ. ಇನ್ನರ್ಧ ಹಾಗೇ. ಆಮೇಲೆ ಅಕ್ಷರಗಳ ಮೇಲಿನ ಟೇಪನ್ನು ಅದರ ಮೇಲೆಯೇ ಮಡಚಿ ಎಳೆಯಿರಿ.

ಸೋಪು ನೀರು ಚಿಮುಕಿಸಿ ಅಂಟಿಸುವ ಪದ್ಧತಿಯೂ ಇದೆ, ಜರುಗಿಸಿ ಸರಿ ಮಾಡಲು ಅನುಕೂಲ. ಬಲ ಬಾಗಿಲಿಗೆ ಅದನ್ನು ಮಾಡಿ ನೋಡಿದೆ. ನಮ್ಮ ಹವೆಗೆ ನೀರು ಒಣಗುವುದೇ ಇಲ್ಲ. ಮುಕ್ಕಾಲು ಗಂಟೆ ಕಾದು ಟೇಪ್ ಎಳೆದೆ. ಆದರೂ ಒಂದು ಅಲ್ಪವಿರಾಮ ಕಳಚಿ ಹೋಯಿತು. ಹಾಗಾಗಿ ಬಲಗಡೆ ನಾನು 'ದಂಬೆ ತಾರಸಿ' ರಿಪೇರಿ ಮಾಡುತ್ತೇನೆ, ಎಡಗಡೆ ದಂಬೆ ಬೇರೆ, ತಾರಸಿ ಬೇರೆ.

ಗುಳ್ಳೆ ಬಂದರೆ ಬ್ಲೇಡ್ ಹಾಕಬೇಡಿ, ಸೂಜಿಯಲ್ಲಿ ಚುಚ್ಚಿ ಬೆರಳಲ್ಲಿ ಒತ್ತಿ. ಅಂಚುಗಳಿಗೆ ಡ್ರೈಯರ್ ಬಿಸಿ ಕೊಟ್ಟು ಮತ್ತೊಮ್ಮೆ ಒತ್ತಿ. ಎರಡು ಮೂರು ದಿನ ನೀರು ತಾಗಿಸಬೇಡಿ. ಆಮೇಲೂ ಸರ್ವಿಸ್ ಸ್ಟೇಷನ್ನಿನಲ್ಲಿ ಪ್ರೆಷರ್ ನೀರನ್ನು ಅಂಚಿಗೆ ಓರೆಯಾಗಿ ಹತ್ತಿರದಿಂದ ಬಿಟ್ಟರೆ ಸಿಪ್ಪೆ ಸುಲಿದ ಹಾಗೆ ಸುಲಿಯುತ್ತದೆ.

ಏನನ್ನು ಮುಚ್ಚಬಾರದು ಅನ್ನುವುದೂ ಮುಖ್ಯ. ಹಿಂದಿನ ಕೆಂಪು, ಬದಿಯ ಹಳದಿ, ಮುಂದಿನ ಬಿಳಿ ಹೊಳೆಯುವ ಟೇಪ್ ಮುಟ್ಟಬೇಡಿ. ಗಾಡಿಯ ತೂಕ ಬರೆದ ಜಾಗ ಬಿಡಿ. ಗಾಜಿನ ಮೇಲೆ ಏನೂ ಬೇಡ. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದ ಗಾಜಿನಲ್ಲಿ 50% ಬೆಳಕು ದಾಟಬೇಕು ಅಂತ ನಿಯಮ. ಪೂರ್ತಿ ಗಾಡಿಗೆ ಬೇರೆ ಬಣ್ಣ ಸುತ್ತಿಸುವ ಯೋಚನೆ ಇದ್ದರೆ ಆರ್‌ಸಿಯಲ್ಲಿ ಬರೆದ ಬಣ್ಣ ನೆನಪಿರಲಿ. ಅಂಥದ್ದಕ್ಕೆ ಮೊದಲು ಆರ್‌ಟಿಒದಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಪೇಂಟರ್ ಅಣ್ಣ

ಹಿಂದಿನ ಡೋರಿಗೂ ಸ್ಟಿಕ್ಕರ್ ಕತ್ತರಿಸಿಟ್ಟಿದ್ದೆ. ಆದರೆ ನನ್ನ ಪಿಕಪ್ಪಿನ ಡೋರ್ ತಗಡು ಏಣು ಏಣಾಗಿದೆ. ಏಣಿನಿಂದ ಏಣಿಗೆ ಸ್ಟಿಕ್ಕರ್ ಸೇತುವೆ ಕಟ್ಟಿದ ಹಾಗೆ ನಿಲ್ಲುತ್ತದೆ, ಕೆಳಗೆ ಗಾಳಿ. ಒಂದು ಮಳೆ, ಒಂದು ಬಿಸಿಲು, ಹರಿಯುತ್ತದೆ. ಅದೂ ಅಲ್ಲದೆ ಪೈಪು, ಶೀಟು ಎಳೆದು ಇಳಿಸುವ ಡೋರ್ ಅದು.

ಕುಶಾಲನಗರದಲ್ಲಿ ಲಾರಿಗೆ ಬರೆಯುವ ಪೇಂಟರ್ ಒಬ್ಬರಿದ್ದಾರೆ. ಅರವತ್ತು ದಾಟಿದೆ. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಬೋರ್ಡ್ ಕೆಲಸ ಪೂರಾ ನಿಂತಿತ್ತು, ಲಾರಿ, ದೇವಸ್ಥಾನ ಅಂತ ದಿನ ದೂಡುತ್ತಿದ್ದರು. ಕಾಗದ ತೋರಿಸಿದೆ.

"ಇಷ್ಟೇಯಾ?" ಅಂದರು.

"ಇಷ್ಟೇ ಅಣ್ಣ. ಮಂಜಲ್ಲೂ ಕಾಣಬೇಕು."

"ಹಾಗಾದ್ರೆ ಬಿಳಿ ಮೇಲೆ ಬೇಡ ಮಾರಾಯ. ಮಂಜೂ ಬಿಳಿ, ಗಾಡೀನೂ ಬಿಳಿ. ನಿನ್ನ ನಂಬರ್ ಪ್ಲೇಟ್ ನೋಡು, ಸರ್ಕಾರದವರಿಗೆ ಗೊತ್ತುಂಟು."

ಹಳದಿ ಮೇಲೆ ಕಪ್ಪು. ಬಾಡಿಗೆ ಗಾಡಿಯ ಪ್ಲೇಟಿನ ಬಣ್ಣ. ಇಷ್ಟು ವರ್ಷ ಆ ಪ್ಲೇಟ್ ಹೊತ್ತು ತಿರುಗಿದ ನನಗೆ ಇದು ಹೊಳೆದಿರಲಿಲ್ಲ.

ನಾನು 400 ನಂಬರ್ ಎಮರಿ ಕಾಗದದಲ್ಲಿ ಉಜ್ಜಿದೆ. ಪೇಂಟ್ ಹೋಗಿ ತಗಡು ಕಂಡ ಕಡೆ ರೆಡ್ ಆಕ್ಸೈಡ್ ಪ್ರೈಮರ್. ಮೇಲೆ ಹಳದಿ ಎನಾಮಲ್ ಎರಡು ಕೋಟ್, ನಡುವೆ ಎರಡು ದಿನ ಬಿಟ್ಟು. ಡಬ್ಬಿಯ ಮೇಲೆ ಒಂದು ರಾತ್ರಿ ಅಂತ ಬರೆದಿರುತ್ತದೆ. ನಮ್ಮ ಡಿಸೆಂಬರ್ ರಾತ್ರಿ ಆ ಡಬ್ಬಿಯವರಿಗೆ ಗೊತ್ತಿಲ್ಲ.

ಎರಡನೇ ಕೋಟ್ ಆಗಿ ಮೂರನೇ ದಿನ ಅವರು ಬಂದರು. ಸೀಮೆಸುಣ್ಣ ತಿಕ್ಕಿದ ದಾರವನ್ನು ಡೋರಿನ ಎರಡು ತುದಿಗೆ ಹಿಡಿದು ಟಪ್ ಅಂತ ಬಿಟ್ಟರು. ನೇರ ಗೆರೆ. ಡೋರ್ 14 ಇಂಚು ಎತ್ತರ. ಮೇಲಿನ ಸಾಲಿಗೆ 5 ಇಂಚು, ಕೆಳಗೆ ನಂಬರಿಗೆ 4. ಕೆಳಗಿನ ಅಂಚಿನಲ್ಲಿ ಮೂರು ಇಂಚಿಗಿಂತ ಜಾಸ್ತಿ ಖಾಲಿ ಬಿಡಿಸಿದೆ. ಕೆಸರಿಗೆ.

ಆಮೇಲೆ ಅವರು ಮಾಡಿದ್ದು ನೋಡಿ ಆಶ್ಚರ್ಯವಾಯಿತು. ಎಡದಿಂದ 'ಮ' ಶುರು ಮಾಡಲಿಲ್ಲ. ಸೀಮೆಸುಣ್ಣದಲ್ಲಿ ಮೊದಲು ಬರೆದದ್ದು 'ರಿ'. ಆಮೇಲೆ ದೂರದಲ್ಲಿ ಇನ್ನೊಂದು 'ರಿ', ಕೊನೆಗೆ ಮತ್ತೊಂದು.

"ಮೂರು ರಿ ಉಂಟು ಇದ್ರಲ್ಲಿ" ಅಂದರು. "ಸೋರಿಕೇಲಿ ಒಂದು, ರಿಪೇರೀಲಿ ಎರಡು. ಮೂರೂ ಒಂದೇ ಥರ ಇಲ್ಲದಿದ್ರೆ ಮೂರು ಜನ ಬರ್ದ ಹಾಗೆ ಕಾಣ್ತದೆ."

ಮೂರು ರಿ ಗೂಟ ಹೊಡೆದ ಹಾಗೆ ನಿಂತ ಮೇಲೆ ಉಳಿದವನ್ನು ನಡುವೆ ತುಂಬಿದರು. ತುದಿಗೆ ಬಟ್ಟೆ ಉಂಡೆ ಕಟ್ಟಿದ ಕೋಲನ್ನು ತಗಡಿಗೆ ಊರಿ, ಅದರ ಮೇಲೆ ಬಲಗೈ ಇಟ್ಟು, ಉದ್ದ ಕೂದಲಿನ ಬ್ರಷ್ ಎಳೆದರು. ಏಣು ಬಂದಲ್ಲಿ ಬ್ರಷ್ ಹತ್ತಿ ಇಳಿಯಿತು, ಗೆರೆ ತುಂಡಾಗಲಿಲ್ಲ. ಪ್ಲಾಟರಿಗೆ ಆಗದ ಕೆಲಸ. ಎರಡು ಸಲ ರಸ್ತೆಗೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿ ಬಂದರು. ಪ ಮತ್ತು ರಿ ನಡುವೆ ಒಂದು ಬೆರಳು ಜಾಗ ಜಾಸ್ತಿ ಮಾಡಿದರು. ಮಧ್ಯಾಹ್ನ ಊಟದ ಹೊತ್ತಿಗೆ ಮುಗಿಯಿತು. ಮುಗಿಸಿ ಮೂಲೆಯಲ್ಲಿ ಸಣ್ಣದಾಗಿ ಅವರ ಗುರುತು ಹಾಕಲಾ ಅಂತ ಕೇಳಿದರು. ನನ್ನ ಹೆಸರೇ ಇಲ್ಲದ ಗಾಡಿಯಲ್ಲಿ ಅವರ ಗುರುತಿದೆ.

ಶೀಟ್ ತುಂಡಿನ ಬೋರ್ಡುಗಳು

ಕೆಲಸ ನಡೆಯುವ ಮನೆ ಮುಂದೆ ಇಡುವ ಬೋರ್ಡಿಗೆ ಹೊಸ ಸಾಮಾನು ಏನೂ ತರಲಿಲ್ಲ. ಕಲರ್ ಶೀಟ್ ಹಾಕುವಾಗ ಮೂಲೆಗೆ ಮಡಚುವ ಪ್ಲೇನ್ ಶೀಟ್ ತುಂಡು ಶೆಡ್ಡಿನಲ್ಲಿ ರಾಶಿ ಇದ್ದವು. 3 ಅಡಿಗೆ 2 ಅಡಿ ಕತ್ತರಿಸಿ, ನಾಲ್ಕೂ ಅಂಚನ್ನು ಅರ್ಧ ಇಂಚು ಹಿಂದಕ್ಕೆ ಮಡಚಿದೆ. ಕೈ ಕೊಯ್ಯುವುದಿಲ್ಲ, ಗಾಳಿಗೆ ಬಡಿದುಕೊಳ್ಳುವುದೂ ಇಲ್ಲ. ಹಿಂದೆ ಆಂಗಲ್ ಫ್ರೇಮ್, ಛಾವಣಿಗೆ ಹೊಡೆಯುವ ಅದೇ ರಬ್ಬರ್ ವಾಷರ್ ಸ್ಕ್ರೂ. ಅದೇ ಮೂರು ಪದ, ಅದೇ ಪೇಂಟರ್. ಶೀಟ್ ಯಾವ ಬಣ್ಣ ಚೆಂದ ಅಂತ ಕೇಳುವವರಿಗೆ ತೋರಿಸಲೂ ಆಯಿತು.

ಮನೆಯವರನ್ನು ಕೇಳದೆ ಬೋರ್ಡ್ ಇಡಬಾರದು, ಕೆಲಸ ಮುಗಿದ ಮೇಲೆ ಬಿಟ್ಟು ಬರಬಾರದು. ಮರಕ್ಕೆ ಮೊಳೆ ಹೊಡೆಯುವುದು, ಚೆಸ್ಕಾಂ ಕರೆಂಟ್ ಕಂಬಕ್ಕೆ ಕಟ್ಟುವುದು ನನಗೆ ಆಗದು.

ಶೆಡ್ಡಿನ ಮುಂದಿನ ನಾಮಫಲಕದಲ್ಲಿ ಮಾತ್ರ ವ್ಯಾಪಾರದ ಹೆಸರು ಬರೆಸಿದೆ. ಅದರಲ್ಲಿ 60% ಕನ್ನಡ ಇರಬೇಕು ಅಂತ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ. ನನ್ನದು ನಂಬರ್ ಬಿಟ್ಟರೆ ಎಲ್ಲ ಕನ್ನಡವೇ.

ಒಂದು ಬೋರ್ಡನ್ನು ಗಟ್ಟಿಯಾಗಿ ನಿಲ್ಲಿಸೋಣ ಅಂತ ಪರಿಚಯದವರ ತೋಟದ ಗೇಟ್ ಪಕ್ಕ ಎರಡು ಜಿಐ ಪೈಪ್ ಹೂತು, ಎರಡಡಿ ಆಳಕ್ಕೆ ಕಾಂಕ್ರೀಟ್ ಹಾಕಿದೆ. ಗಾಳಿಗೆ ಬೀಳಬಾರದು, ಮಳೆಗೆ ಮಣ್ಣು ಸಡಿಲವಾದರೂ ನಿಲ್ಲಬೇಕು ಅಂತ ಎಲ್ಲ ಲೆಕ್ಕ ಹಾಕಿದ್ದೆ. ಹದಿನೇಳನೇ ದಿನ ತೋಟದವರು ಫೋನ್ ಮಾಡಿದರು, "ನಿಮ್ಮ ಬೋರ್ಡನ್ನು ಆನೆ ಓದಿತು." ಹೋಗಿ ನೋಡಿದರೆ ಕಾಂಕ್ರೀಟ್ ಸಮೇತ ಎದ್ದು ಮಲಗಿತ್ತು. ಶೀಟ್ ತಿರುಚಿದ್ದರೂ ಪೇಂಟ್ ಒಂದು ಚೂರೂ ಎದ್ದಿರಲಿಲ್ಲ. ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಿದೆ. ಈಗ ಗೇಟಿನ ಕಂಬಕ್ಕೇ ನಾಲ್ಕು ಸ್ಕ್ರೂ.

ಈ ಜೂನ್

ಮಳೆ ಹಿಡಿದ ಮೊದಲ ವಾರ ಆನೆಕಾಡಿನ ಹತ್ತಿರ ರಸ್ತೆಗೆ ಮರ ಬಿದ್ದಿತ್ತು. ಗಾಡಿಗಳ ಸಾಲಿನಲ್ಲಿ ನಾನೂ ನಿಂತಿದ್ದೆ. ವೈಪರ್ ಆಡುತ್ತಿದೆ, ಮಂಜು, ಮಧ್ಯಾಹ್ನ ಮೂರಕ್ಕೇ ಎಲ್ಲರೂ ಲೈಟ್ ಹಾಕಿದ್ದಾರೆ. ಫೋನ್ ಬಂತು.

"ಮನೆ ಸೋರೋದು ರಿಪೇರಿ ಮಾಡೋರಲ್ವಾ?"

"ಹೌದು ಸರ್. ಎಲ್ಲಿ ಮನೆ?"

"ಮಡಿಕೇರಿ. ಆದ್ರೆ ಈಗ ನಿಮ್ಮ ಹಿಂದೇನೇ ಇದ್ದೀನಿ. ಹಾರ್ನ್ ಹೊಡಿಲಾ?"

ಕನ್ನಡಿಯಲ್ಲಿ ನೋಡಿದರೆ ಬೆಳ್ಳಿ ಬಣ್ಣದ ಕಾರಿನೊಳಗಿಂದ ಒಂದು ಕೈ ಬೀಸುತ್ತಿತ್ತು. ಹೋಂಸ್ಟೇ ಅವರದ್ದು, ಮೂರು ಕೋಣೆ ಸೋರುತ್ತಿದೆಯಂತೆ. ಈಗ ತಾತ್ಕಾಲಿಕಕ್ಕೆ ಟಾರ್ಪಾಲು ಹೊದಿಸಿ ಬಂದಿದ್ದೇನೆ. ಪೂರ್ತಿ ಕೆಲಸ ನವೆಂಬರ್‌ಗೆ.

ನವೆಂಬರ್ ಪಟ್ಟಿಯಲ್ಲಿ ನನ್ನ ಗಾಡಿಯೂ ಇದೆ. ಎಡ ಬಾಗಿಲಲ್ಲಿ 'ಹೆಂಚು'ವಿನ 'ಹೆ' ಅಂಚು ಎದ್ದಿದೆ. ಅವತ್ತು ಬೆಳಗ್ಗೆ ಏಳಕ್ಕೆ ಅಂಟಿಸಲು ಹೋಗಿ, ಎದ್ದು ಬಂದು, ಹನ್ನೊಂದಕ್ಕೆ ಮತ್ತೆ ಒತ್ತಿದ ತುಂಡು ಅದೇ.